ಯಾರ ಬಾಯಿ ಚಪಲ ಜಾಸ್ತಿ? ದಾವಣಗೆರೆಯಲ್ಲಿ ನಿಂತು ನೋಡಿದರೆ

ಸಂಜೆ ಐದೂವರೆ ದಾಟಿದರೆ ದಾವಣಗೆರೆಯ ಯಾವ ಸರ್ಕಲ್‌ಗೆ ಹೋದರೂ ಮಿರ್ಚಿ ಬಂಡಿಯ ಬಾಣಲೆ ಕಾದಿರುತ್ತದೆ. ಪೇಪರ್ ಮೇಲೆ ಒಗ್ಗರಣೆ ಮಂಡಕ್ಕಿ, ಪಕ್ಕದಲ್ಲಿ ಎರಡು ಮೆಣಸಿನಕಾಯಿ, ಮೇಲಿಷ್ಟು ಹೆಚ್ಚಿದ ಈರುಳ್ಳಿ. ಬಂಡಿ ಸುತ್ತ ನಿಂತು ಬಿಸಿಬಿಸಿ ತಿನ್ನುತ್ತಿರುವವರನ್ನು ನೋಡಿ. ಹೆಚ್ಚಿನವರು ಗಂಡಸರು. ಹೆಂಗಸರೂ ಬರುತ್ತಾರೆ, ಆದರೆ ಪಾರ್ಸಲ್ ಕಟ್ಟಿಸಿಕೊಂಡು ಹೋಗುತ್ತಾರೆ. ಮನೆ ಮುಟ್ಟಿ, ಮಕ್ಕಳಿಗೆ ಹಂಚಿ, ಅತ್ತೆ ಮಾವನಿಗೆ ಕೊಟ್ಟು, ಗಂಡನಿಗೆ ಎತ್ತಿಟ್ಟು, ತಮ್ಮ ಪಾಲಿಗೆ ಬರುವ ಹೊತ್ತಿಗೆ ಮಿರ್ಚಿ ತಣ್ಣಗಾಗಿ ಮೆತ್ತಗಾಗಿರುತ್ತದೆ.

ಆದರೂ ‘ಬಾಯಿ ಚಪಲ’ ಅನ್ನುವ ಮಾತು ಹೆಚ್ಚಾಗಿ ಬೀಳುವುದು ಹೆಂಗಸರ ಮೇಲೆಯೇ. ಹೆಂಗಸರಿಗೆ ಸಿಹಿ, ಹುಳಿ, ಚಾಕೊಲೇಟ್ ಆಸೆ ಜಾಸ್ತಿ, ಗಂಡಸರಿಗೆ ಖಾರ, ಕರಿದದ್ದು, ಮಾಂಸ ಬೇಕು, ಇದು ದೇಹದ ಗುಣ, ಹಾರ್ಮೋನಿನ ಆಟ ಅನ್ನುವ ವಿಡಿಯೋಗಳು ಮೊಬೈಲ್‌ನಲ್ಲಿ ದಿನಕ್ಕೊಂದು ಬರುತ್ತಿವೆ. ಅದರಲ್ಲಿ ಸ್ವಲ್ಪ ನಿಜ ಇದೆ. ಆದರೆ ನಿಜ ಇರುವುದಕ್ಕಿಂತ ಬಿಟ್ಟು ಹೋಗಿರುವುದೇ ಹೆಚ್ಚು. ಯಾರಿಗೆ ಏನು ತಿನ್ನಬೇಕು ಅನಿಸುತ್ತದೆ ಅನ್ನುವುದು ನಾಲಿಗೆಯ ವಿಷಯವಾದಷ್ಟೇ, ಯಾರು ಯಾವ ಹೊತ್ತಿಗೆ ಮನೆಯಿಂದ ಹೊರಗೆ ಹೋಗಿ ತಿನ್ನಬಹುದು ಅನ್ನುವುದರ ವಿಷಯವೂ ಹೌದು.

ಮೊದಲು ಅಂಕಿ ನೋಡೋಣ. ಈ ವಿಷಯದಲ್ಲಿ ಇವತ್ತಿಗೂ ಎಲ್ಲರೂ ಎತ್ತಿ ಹೇಳುವುದು 1991ರ ಒಂದು ಸಮೀಕ್ಷೆಯನ್ನು. ವೈನ್‌ಗಾರ್ಟನ್ ಮತ್ತು ಎಲ್ಸ್ಟನ್ ಎಂಬ ಸಂಶೋಧಕರು ಕೆನಡಾದ ಕಾಲೇಜು ವಿದ್ಯಾರ್ಥಿಗಳನ್ನು ಕೇಳಿದ್ದರು: ಒಂದು ನಿರ್ದಿಷ್ಟ ತಿನಿಸು ಬೇಕೇಬೇಕು ಅನ್ನುವಷ್ಟು ಆಸೆ ನಿಮಗೆ ಬಂದಿದೆಯೇ? ಹುಡುಗಿಯರಲ್ಲಿ ಶೇ 97 ಮಂದಿ ಹೌದು ಅಂದರು. ಹುಡುಗರಲ್ಲಿ ಶೇ 68. ಹುಡುಗಿಯರು ಹೆಚ್ಚಾಗಿ ಹೇಳಿದ್ದು ಚಾಕೊಲೇಟ್. ಅಂತರ ದೊಡ್ಡದೇ. ಆದರೆ ಇದು ಅವರವರೇ ಹೇಳಿಕೊಂಡದ್ದು. ಆಸೆ ಬಂದು ಐದು ನಿಮಿಷದಲ್ಲಿ ತೀರಿಹೋದರೆ ಅದು ನೆನಪಿನಲ್ಲಿ ಉಳಿಯುತ್ತದೆಯೇ? ಆಸೆ ಬಂದು, ತಿನ್ನಬಾರದು ಅಂತ ತಡೆದುಕೊಂಡು, ಇಡೀ ದಿನ ಅದೇ ತಲೆಯಲ್ಲಿ ಸುತ್ತಿದರೆ ಖಂಡಿತ ಉಳಿಯುತ್ತದೆ. ಸಮೀಕ್ಷೆಯ ಕಾಗದದಲ್ಲಿ ಎಷ್ಟು ಆಸೆಗಳು ತೀರದೆ ಉಳಿದವು ಅನ್ನುವುದೂ ಸೇರಿಕೊಂಡಿರುತ್ತದೆ. ನನ್ನ ವಾದದ ತಿರುಳು ಇದೇ. ಅದಕ್ಕೆ ಪುರಾವೆ ಮುಂದೆ ಇದೆ. ಹಾರ್ಮೋನಿನ ಪಾಲನ್ನು ಮೊದಲು ಪ್ರಾಮಾಣಿಕವಾಗಿ ಕೊಟ್ಟುಬಿಡುತ್ತೇನೆ.

ಮುಟ್ಟಿನ ಚಕ್ರದಲ್ಲಿ ಹಸಿವು ಏರಿಳಿಯುತ್ತದೆ. ಅಂಡ ಬಿಡುಗಡೆಯಾಗುವ ದಿನಗಳ ಸುತ್ತಮುತ್ತ ಈಸ್ಟ್ರೋಜನ್ ಹೆಚ್ಚಿರುತ್ತದೆ. ಈ ಹಾರ್ಮೋನು ಹಸಿವನ್ನು ಸ್ವಲ್ಪ ಅದುಮುತ್ತದೆ. ಆಮೇಲೆ, ಅಂದರೆ ಮುಟ್ಟಿಗೆ ಮುಂಚಿನ ಹತ್ತು ಹದಿನಾಲ್ಕು ದಿನ, ಪ್ರೊಜೆಸ್ಟರಾನ್ ಏರುತ್ತದೆ. ಆಗ ದೇಹ ಸ್ವಲ್ಪ ಹೆಚ್ಚು ಶಕ್ತಿ ಸುಡುತ್ತದೆ, ತಿನ್ನುವುದೂ ಸ್ವಲ್ಪ ಹೆಚ್ಚುತ್ತದೆ. ಮುಟ್ಟು ಹತ್ತಿರ ಬಂದಾಗ ‘ಏನಾದರೂ ಬಾಯಿಗೆ ಬೇಕು’ ಅಂತ ಹೆಣ್ಣುಮಕ್ಕಳು ಹೇಳಿದರೆ ಅದು ಸುಮ್ನೆ ಹೇಳುವ ಮಾತಲ್ಲ. ದೇಹ ನಿಜವಾಗಿಯೂ ಕೇಳುತ್ತಿರುತ್ತದೆ. ಇಷ್ಟು ಗಟ್ಟಿಯಾದ ವಿಷಯ.

ಆದರೆ ದೇಹ ಕೇಳುವುದು ಚಾಕೊಲೇಟನ್ನೇ ಅಂತ ಹೇಳಿದವರು ಯಾರು? ಇಲ್ಲಿ ಕಥೆ ಬೇರೆ ದಾರಿ ಹಿಡಿಯುತ್ತದೆ. ಚಾಕೊಲೇಟಿನಲ್ಲಿ ಮೆಗ್ನೀಸಿಯಂ ಇದೆ, ದೇಹಕ್ಕೆ ಅದು ಕಡಿಮೆಯಾದಾಗ ಬಯಕೆ ಬರುತ್ತದೆ ಅನ್ನುವುದು ಬಹಳ ಜನ ನಂಬಿರುವ ಮಾತು. ಹಾಗಿದ್ದರೆ ಎಳ್ಳು, ಶೇಂಗಾದ ಮೇಲೂ ಅದೇ ಆಸೆ ಬರಬೇಕಿತ್ತು, ಅವುಗಳಲ್ಲೂ ಮೆಗ್ನೀಸಿಯಂ ಧಾರಾಳವಾಗಿದೆ. 1994ರಲ್ಲಿ ಮಿಚೆನರ್ ಮತ್ತು ರೋಜಿನ್ ಇದನ್ನು ನೇರವಾಗಿಯೇ ಪರೀಕ್ಷಿಸಿದರು. ಚಾಕೊಲೇಟ್ ಆಸೆ ಬಂದವರಿಗೆ ಒಮ್ಮೆ ನಿಜವಾದ ಚಾಕೊಲೇಟ್, ಒಮ್ಮೆ ಕೋಕೋ ಪುಡಿ ಇಲ್ಲದ ಬಿಳಿ ಚಾಕೊಲೇಟ್, ಒಮ್ಮೆ ಕೋಕೋ ಪುಡಿ ತುಂಬಿದ ಮಾತ್ರೆ ಕೊಟ್ಟರು. ಮಾತ್ರೆಯಲ್ಲಿ ಕೋಕೋದ ರಾಸಾಯನಿಕಗಳೆಲ್ಲ ಇದ್ದರೂ ಆಸೆ ತೀರಲಿಲ್ಲ. ಬಿಳಿ ಚಾಕೊಲೇಟ್ ಅರೆಬರೆ ತೀರಿಸಿತು. ಬೇಕಾಗಿದ್ದದ್ದು ಬಾಯಲ್ಲಿ ಕರಗುವ ರುಚಿ, ಸಿಹಿ, ಜಿಡ್ಡು, ವಾಸನೆ.

ಮುಟ್ಟು ನಿಂತವರ ಮೇಲೂ ಅಧ್ಯಯನ ನಡೆದಿದೆ. ಹಾರ್ಮೋನಿನ ಏರಿಳಿತವೇ ಕಾರಣವಾದರೆ ಮುಟ್ಟು ನಿಂತ ಮೇಲೆ ಚಾಕೊಲೇಟ್ ಬಯಕೆ ದೊಡ್ಡ ಪ್ರಮಾಣದಲ್ಲಿ ಇಳಿಯಬೇಕು. ಹಾರ್ಮೆಸ್ ಮತ್ತು ರೋಜಿನ್ 2009ರಲ್ಲಿ ಕಂಡುಕೊಂಡಂತೆ ಇಳಿದದ್ದು ಸ್ವಲ್ಪ ಮಾತ್ರ. ಅದೇ ಹಾರ್ಮೆಸ್ ಅವರು 2017ರಲ್ಲಿ ಸಹೋದ್ಯೋಗಿಯ ಜೊತೆ ಪ್ರಕಟಿಸಿದ ಇನ್ನೊಂದು ಅಧ್ಯಯನ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ. ಅಮೆರಿಕದಲ್ಲಿ ಓದುತ್ತಿದ್ದ 275 ಯುವತಿಯರನ್ನು ಅವರು ಮಾತಾಡಿಸಿದರು. ಹೊರದೇಶದಲ್ಲಿ ಹುಟ್ಟಿ ಬಂದವರಲ್ಲಿ ಮುಟ್ಟಿನ ಹೊತ್ತಿಗೆ ಚಾಕೊಲೇಟ್ ಬೇಕು ಅನಿಸುತ್ತದೆ ಅಂದವರು ಶೇ 17ರಷ್ಟು. ಅಮೆರಿಕದವರಿಗೇ ಅಮೆರಿಕದಲ್ಲೇ ಹುಟ್ಟಿದವರಲ್ಲಿ ಶೇ 33ರ ಹತ್ತಿರ. ವಲಸೆ ಬಂದವರ ಮಕ್ಕಳಲ್ಲಿ ಶೇ 41ರ ಹತ್ತಿರ. ಗರ್ಭಕೋಶ ಎಲ್ಲರದೂ ಒಂದೇ, ಪ್ರೊಜೆಸ್ಟರಾನ್ ಒಂದೇ. ಬೆಳೆದ ಊರು ಮಾತ್ರ ಬೇರೆ.

ಈಜಿಪ್ಟಿನ ಕೈರೋದಲ್ಲಿ ಕೇಳಿದಾಗ ಗಂಡಸರೂ ಹೆಂಗಸರೂ ಸಿಹಿಗಿಂತ ಉಪ್ಪು ಮಸಾಲೆಯ ತಿನಿಸನ್ನೇ ಹೆಚ್ಚು ಹೇಳಿದರು. ನಮ್ಮ ಕಡೆಯೂ ಹಾಗೇ ಅಲ್ವಾ? ಮುಟ್ಟಿನ ಹೊತ್ತಿಗೆ ಏನು ಬೇಕು ಅನಿಸುತ್ತದೆ ಅಂತ ಇಲ್ಲಿಯ ತಾಯಂದಿರನ್ನು ಕೇಳಿದರೆ ಉಪ್ಪು ಖಾರ ಸವರಿದ ಮಾವಿನಕಾಯಿ, ನೆನೆಸಿದ ಹುಣಸೆಹಣ್ಣು, ಬಿಸಿ ಅನ್ನಕ್ಕೆ ಉಪ್ಪಿನಕಾಯಿಯ ರಸ ಅನ್ನುತ್ತಾರೆ. ಅವರ ಹೆಣ್ಣುಮಕ್ಕಳು ಪಾನಿಪುರಿ, ಗೋಬಿ ಅನ್ನುತ್ತಾರೆ. ಈಗೀಗ ಹೈಸ್ಕೂಲ್ ಹುಡುಗಿಯರ ಬಾಯಲ್ಲಿ ಚಾಕೊಲೇಟ್ ಕೂಡ ಬರುತ್ತಿದೆ. ಒಂದೇ ಮನೆಯಲ್ಲಿ ಎರಡು ತಲೆಮಾರಿಗೆ ಹಾರ್ಮೋನು ಬದಲಾಗಲಿಲ್ಲ. ಬದಲಾದದ್ದು ಅಂಗಡಿ ಮತ್ತು ಜಾಹೀರಾತು.

ಇನ್ನು ಗಂಡಸರ ಕಡೆ ಬರೋಣ. ಗಂಡಸರಿಗೆ ಬಿಸಿ ಊಟ, ಹೆಂಗಸರಿಗೆ ಕುರುಕಲು ಅನ್ನುವ ಮಾತಿನ ಹಿಂದೆ 2003ರ ಒಂದು ಅಮೆರಿಕನ್ ಅಧ್ಯಯನವಿದೆ. ಅದರ ಮುಖ್ಯ ಲೇಖಕ ಬ್ರಯಾನ್ ವಾನ್‌ಸಿಂಕ್. ಮುಂದೆ ಅವರ ಹಲವು ಪ್ರಬಂಧಗಳನ್ನು ಪತ್ರಿಕೆಗಳು ಹಿಂದಕ್ಕೆ ಪಡೆದವು. 2018ರಲ್ಲಿ ಅವರು ಕೆಲಸ ಮಾಡುತ್ತಿದ್ದ ಕಾರ್ನೆಲ್ ವಿಶ್ವವಿದ್ಯಾಲಯವೇ ಸಂಶೋಧನೆಯಲ್ಲಿ ಅಕ್ರಮ ನಡೆದಿದೆ ಅಂತ ಹೇಳಿತು. ಹಾಗಾಗಿ ಅವರ ಅಂಕಿಗಳ ಮೇಲೆ ಭಾರ ಹಾಕುವುದು ಬೇಡ. ಆದರೆ ಆ ಪ್ರಬಂಧದಲ್ಲಿ ಕೊಟ್ಟ ವಿವರಣೆಯೊಂದು ಯೋಚಿಸುವಂತಿದೆ. ಗಂಡಸರಿಗೆ ಊಟ ಅಂದರೆ ಯಾರೋ ಬಡಿಸುವ ಸುಖ. ಹೆಂಗಸರಿಗೆ ಅದೇ ಊಟ ಅಂದರೆ ಹೆಚ್ಚುವುದು, ಬೇಯಿಸುವುದು, ತೊಳೆಯುವುದು. ಸಮಾಧಾನ ಬೇಕಾದಾಗ ಅವರು ಕೆಲಸವಿಲ್ಲದೆ ಸಿಗುವ ತಿನಿಸಿನ ಕಡೆ ಕೈ ಚಾಚುತ್ತಾರೆ. ದಿನಕ್ಕೆ ಇಪ್ಪತ್ತು ರೊಟ್ಟಿ ಬಡಿಯುವ ಹೆಣ್ಣುಮಗಳಿಗೆ ಬೇಸರದ ಸಂಜೆ ರೊಟ್ಟಿ ತಿನ್ನುವ ಬಯಕೆ ಯಾಕೆ ಬರುತ್ತದೆ? ಇದನ್ನು ಅರ್ಥ ಮಾಡಿಕೊಳ್ಳಲು ಅಮೆರಿಕದ ಅಂಕಿಯೇನೂ ಬೇಕಾಗಿಲ್ಲ.

ದಾವಣಗೆರೆಯ ಗಂಡಸಿನ ಆಸೆಗೆ ಊರೇ ವ್ಯವಸ್ಥೆ ಮಾಡಿಕೊಟ್ಟಿದೆ. ಬೆಳಗ್ಗೆ ಬೆಣ್ಣೆ ದೋಸೆ ಹೋಟೆಲ್, ಹತ್ತು ಗಂಟೆಗೆ ಚಹಾ, ಮಧ್ಯಾಹ್ನ ಖಾನಾವಳಿ ಇಲ್ಲವೇ ಮಿಲ್ಟ್ರಿ ಹೋಟೆಲ್, ಸಂಜೆ ಮಿರ್ಚಿ ಮಂಡಕ್ಕಿ. ಹಳೇ ಹೋಟೆಲ್‌ಗಳಲ್ಲಿ ಹೆಂಗಸರಿಗೆ ಅಂತ ಪರದೆ ಹಾಕಿದ ಫ್ಯಾಮಿಲಿ ರೂಮ್ ಇರುತ್ತಿತ್ತು, ಅಲ್ಲಿಗೆ ಹೋಗಬೇಕಾದರೂ ಮನೆಯವರು ಜೊತೆಗಿರಬೇಕು. ನೋವಿನ ವಿಷಯ ಏನಂದರೆ, ಈ ಊರಿನ ದೋಸೆಯ ಕಥೆ ಶುರುವಾಗುವುದೇ ಒಬ್ಬ ಹೆಣ್ಣುಮಗಳಿಂದ. 1928ರ ಸುಮಾರಿಗೆ ಬೆಳಗಾವಿ ಕಡೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದ ಚೆನ್ನಮ್ಮ ಅನ್ನುವವರು ನಾಟಕದ ಥಿಯೇಟರ್ ಹತ್ತಿರ ರಾಗಿ ದೋಸೆ ಹುಯ್ದು ಮಾರುತ್ತಿದ್ದರು, ಮುಂದೆ ಅವರ ಮಕ್ಕಳ ಕೈಯಲ್ಲಿ ಅದು ಅಕ್ಕಿ ಮತ್ತು ಬೆಣ್ಣೆಯ ದೋಸೆಯಾಯಿತು ಎಂದು ಹೇಳುತ್ತಾರೆ. ಖಾನಾವಳಿಗಳಲ್ಲಿ ಇವತ್ತಿಗೂ ರೊಟ್ಟಿ ಬಡಿಯುವವರು ಹೆಂಗಸರು. ಮಂಡಕ್ಕಿ ಭಟ್ಟಿಗಳ ಬಿಸಿಯಲ್ಲಿ ದುಡಿಯುವವರಲ್ಲೂ ಹೆಂಗಸರಿದ್ದಾರೆ. ಮಾಡುವ ಕಡೆ ಎಲ್ಲ ಇದ್ದು, ತಿನ್ನುವ ಬೆಂಚಿನ ಮೇಲೆ ಕಡಿಮೆ.

ಹೀಗೆ ಮನಸ್ಸಿಗೆ ಬಂದಾಗ ತಿಂದು ಮುಗಿಸುವವರಿಗೆ ಅದು ಬಯಕೆ ಅಂತಲೇ ಅನಿಸುವುದಿಲ್ಲ. ಸಂಜೆ ಮಿರ್ಚಿ ತಿನ್ನುವುದು ಅವರಿಗೆ ದಿನಚರಿ. ಒಂದು ವಾರ ಅದನ್ನು ತಪ್ಪಿಸಿ ನೋಡಿ, ಆಗ ಗೊತ್ತಾಗುತ್ತದೆ.

ಗಂಡಸರಿಗೆ ಊಟ ತಪ್ಪಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ಬಹಳ ದೊಡ್ಡ ಪುರಾವೆ ಇದೆ. ಎರಡನೇ ಮಹಾಯುದ್ಧದ ಕೊನೆಯ ಹೊತ್ತು. ಬರಗಾಲದಲ್ಲಿ ಹಸಿದವರನ್ನು ಮತ್ತೆ ಹೇಗೆ ಚೇತರಿಸಿಕೊಳ್ಳುವಂತೆ ಮಾಡುವುದು ಅಂತ ತಿಳಿಯಲು ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ 1944–45ರಲ್ಲಿ ಒಂದು ಪ್ರಯೋಗ ನಡೆಸಿದರು. ಯುದ್ಧಕ್ಕೆ ಹೋಗಲು ಒಪ್ಪದೆ, ಅದರ ಬದಲು ಈ ಕಷ್ಟಕ್ಕೆ ತಾವಾಗಿ ಬಂದ 36 ಗಂಡಸರು. ಆರೋಗ್ಯವಂತ ಯುವಕರು. 24 ವಾರ ಅವರಿಗೆ ಅರೆಹೊಟ್ಟೆ ಊಟ: ಆಲೂಗಡ್ಡೆ, ಬ್ರೆಡ್ಡು, ಗಡ್ಡೆ ತರಕಾರಿ ಇಂಥವು. ತೂಕ ಕಾಲು ಭಾಗದಷ್ಟು ಇಳಿಯಿತು. ಅವರ ಮನಸ್ಸಿಗೆ ಆದದ್ದೇ ಇಲ್ಲಿ ಬೇಕಾದ ವಿಷಯ. ಊಟದ ಹೊರತು ಬೇರೆ ಮಾತಿಲ್ಲ. ಅಡುಗೆ ಪುಸ್ತಕಗಳನ್ನು ಕೂಡಿಟ್ಟು ಗಂಟೆಗಟ್ಟಲೆ ಓದುತ್ತಿದ್ದರು. ತಟ್ಟೆ ನೆಕ್ಕುತ್ತಿದ್ದರು. ರಾತ್ರಿ ಕನಸಲ್ಲೂ ಊಟ. ಅಡುಗೆಯ ಗಂಧವಿಲ್ಲದವರು ಮುಂದೆ ಅಡುಗೆಯವರಾಗುವ ಯೋಚನೆ ಮಾಡಿದರು. ಹೆಂಗಸರ ಗುಣ ಅಂತ ನಾವು ಯಾವುದನ್ನು ಹೇಳುತ್ತೇವೋ ಅದೆಲ್ಲ ಆ 36 ಗಂಡಸರಲ್ಲಿ ಆರು ತಿಂಗಳಲ್ಲಿ ಕಾಣಿಸಿಕೊಂಡಿತು.

ನಮ್ಮ ಹೆಣ್ಣುಮಕ್ಕಳು ಬರಗಾಲದಲ್ಲಿಲ್ಲ, ಒಪ್ಪುತ್ತೇನೆ. ಆದರೆ ಅವರ ವಾರವನ್ನು ನೋಡಿ. ಸೋಮವಾರ ಒಪ್ಪತ್ತು, ಶುಕ್ರವಾರ ಲಕ್ಷ್ಮಿ ಪೂಜೆ ಮುಗಿಯುವವರೆಗೆ ಬರೀ ಕಾಫಿ, ಉಳಿದ ದಿನ ಎಲ್ಲರ ಊಟವಾದ ಮೇಲೆ ತಳದಲ್ಲಿ ಉಳಿದ ಸಾರು. ಅದಕ್ಕೆ ಈಗ ಡಯಟ್ ಬೇರೆ ಸೇರಿಕೊಂಡಿದೆ. ಮದುವೆ ಗೊತ್ತಾದ ಹುಡುಗಿ ಅನ್ನ ಬಿಡುತ್ತಾಳೆ. ಬಾಣಂತನ ಮುಗಿದವಳಿಗೆ ‘ದಪ್ಪ ಆದೆ’ ಅನ್ನುವವರು ಮನೆಯಲ್ಲೇ ಇದ್ದಾರೆ. ತೂಕದ ಭಯದಲ್ಲಿ ಬಾಯಿ ಕಟ್ಟಿ ತಿನ್ನುವವರಿಗೆ ಒಂದು ವಾರ ಚಾಕೊಲೇಟ್ ನಿಲ್ಲಿಸಿದರೆ ಅದರ ಆಸೆ ಇನ್ನೂ ಹೆಚ್ಚುತ್ತದೆ, ಸಿಕ್ಕಾಗ ತಿನ್ನುವುದೂ ಹೆಚ್ಚುತ್ತದೆ ಅಂತ 2005ರ ಒಂದು ಪ್ರಯೋಗ ತೋರಿಸಿತು. ಹಾಗೆ ಬಾಯಿ ಕಟ್ಟದವರಲ್ಲಿ ಅಷ್ಟು ಆಸೆ ಕೆರಳಲಿಲ್ಲ. ತಡೆದಷ್ಟೂ ಬಯಕೆ ಬೆಳೆಯುತ್ತದೆ, ತಡೆಯುವುದನ್ನು ನಾವು ಹೆಚ್ಚು ಕಲಿಸಿರುವುದು ಹೆಣ್ಣುಮಕ್ಕಳಿಗೆ.

ಇದಕ್ಕೆ ಎದುರು ನಿಲ್ಲುವ ಸಂಶೋಧನೆಯೂ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. 2009ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ಜೀನ್‌ ಜ್ಯಾಕ್ ವಾಂಗ್ ಅವರ ತಂಡ 13 ಹೆಂಗಸರು ಮತ್ತು 10 ಗಂಡಸರನ್ನು ಉಪವಾಸ ಇರಿಸಿ, ಅವರ ಇಷ್ಟದ ತಿನಿಸನ್ನೇ ಮುಂದಿಟ್ಟು, ಆಸೆಯನ್ನು ಅದುಮಿಕೊಳ್ಳಿ ಅಂತ ಹೇಳಿ ಮಿದುಳಿನ ಚಿತ್ರ ತೆಗೆಯಿತು. ಗಂಡಸರಲ್ಲಿ ಆಸೆಗೆ ಸಂಬಂಧಿಸಿದ ಭಾಗಗಳ ಚಟುವಟಿಕೆ ತಗ್ಗಿತು. ಹೆಂಗಸರಲ್ಲಿ ತಗ್ಗಲಿಲ್ಲ. ಪತ್ರಿಕೆಗಳು ‘ಹೆಂಗಸರಿಗೆ ಬಾಯಿ ಕಟ್ಟಲು ಬರುವುದಿಲ್ಲ’ ಅಂತ ಬರೆದವು. 23 ಜನರ ಚಿತ್ರದಿಂದ ಅಷ್ಟು ದೊಡ್ಡ ತೀರ್ಮಾನಕ್ಕೆ ಬರಲಾಗುವುದಿಲ್ಲ. ಅಲ್ಲದೆ, ಚಿತ್ರ ತೆಗೆದ ದಿನ ಮಿದುಳು ಹೇಗಿತ್ತು ಅಂತ ಅದು ಹೇಳುತ್ತದೆ, ಹುಟ್ಟಿನಿಂದಲೇ ಹಾಗಿತ್ತೋ ವರ್ಷಗಳ ಕಾಲ ಬಾಯಿ ಕಟ್ಟಿ ಕಟ್ಟಿ ಹಾಗಾಯಿತೋ ಅಂತ ಹೇಳುವುದಿಲ್ಲ. ಮುಂದೆ ದೊಡ್ಡ ಅಧ್ಯಯನಗಳು ಬಂದು ದೇಹದ ಪಾಲು ನಾನು ಹೇಳಿದ್ದಕ್ಕಿಂತ ಜಾಸ್ತಿ ಅಂದರೆ ಒಪ್ಪಲೇಬೇಕು.

ಹೆಣ್ಣಿನ ಬಯಕೆಗೆ ಇಡೀ ಮನೆ ಕಿವಿಗೊಡುವ ಒಂದು ಕಾಲ ಇದೆ. ಅದು ಬಸಿರು. ನಮ್ಮ ಕಡೆ ಏಳನೇ ತಿಂಗಳಿಗೆ ಕುಬುಸ ಮಾಡುತ್ತಾರೆ. ಹಸಿರು ಸೀರೆ, ಹಸಿರು ಬಳೆ, ತವರಿನಿಂದ ಬುತ್ತಿ, ಹೋಳಿಗೆ, ಕರ್ಜಿಕಾಯಿ. ಬಂಧುಗಳು, ಓಣಿಯವರು ಒಬ್ಬೊಬ್ಬರಾಗಿ ಕರೆದು ಬಯಕೆ ಊಟ ಹಾಕುತ್ತಾರೆ. ‘ಏನ್ ತಿನ್ನಂಗಾಗೇತವ್ವ ನಿಂಗೆ?’ ಅಂತ ಕೇಳುತ್ತಾರೆ. ಆ ಪ್ರಶ್ನೆಯನ್ನು ಅವಳಿಗೆ ಅದಕ್ಕೆ ಮುಂಚೆ ಯಾರಾದರೂ ಕೇಳಿದ್ದರೋ ಇಲ್ಲವೋ. ಕೇಟ್ಲಿನ್ ಪ್ಲೇಸೆಕ್ ಎಂಬ ಮಾನವಶಾಸ್ತ್ರಜ್ಞೆ ದಕ್ಷಿಣ ಭಾರತದ ಹಳ್ಳಿಗಳ ಹೆಂಗಸರ ಬಸಿರಿನ ಬಯಕೆಗಳನ್ನು ಅಧ್ಯಯನ ಮಾಡಿ 2017ರಲ್ಲಿ ಪ್ರಕಟಿಸಿದರು. ಬಯಕೆ ಯಾಕೆ ಬರುತ್ತದೆ ಅನ್ನುವುದಕ್ಕೆ ಹಲವು ವಿವರಣೆಗಳನ್ನು ಅವರು ಪರೀಕ್ಷೆಗೆ ಹಚ್ಚಿದರು. ಅದರಲ್ಲಿ ಗಟ್ಟಿಯಾಗಿ ನಿಂತದ್ದು ಇದು: ಸುಲಭವಾಗಿ ಸಿಗದ ತಿನಿಸನ್ನು, ನೆರವನ್ನು ಗಂಡನಿಂದ, ಮನೆಯವರಿಂದ ಕೇಳಿ ಪಡೆಯಲು ಬಯಕೆ ಒಂದು ದಾರಿಯಾಗುತ್ತದೆ. ಬಸುರಿ ನಾಟಕ ಮಾಡುತ್ತಾಳೆ ಅಂತ ಇದರ ಅರ್ಥವಲ್ಲ. ಅವಳ ಆಸೆ ನಿಜವೇ. ಕೇಳಿದರೆ ಸಿಗುತ್ತದೆ ಅನ್ನುವ ಅವಕಾಶ ಆಗ ಮಾತ್ರ ಇರುವುದರಿಂದ ಆ ಆಸೆ ಬಾಯಿಗೆ ಬರುತ್ತದೆ.

ಇಲ್ಲಿಯವರೆಗಿನದು ರುಚಿಯ ಮಾತು. ಆದರೆ ಹೆಂಗಸರ ಕೆಲವು ಬಯಕೆಗಳನ್ನು ರುಚಿ, ಚಪಲ ಅಂತ ಬಿಟ್ಟುಬಿಟ್ಟರೆ ಅಪಾಯ. ಅಕ್ಕಿ ಆರಿಸುತ್ತಾ ಹಿಡಿ ಹಿಡಿ ಹಸಿ ಅಕ್ಕಿ ತಿನ್ನುವ ಹುಡುಗಿಯರನ್ನು ನೀವೂ ನೋಡಿರಬಹುದು. ‘ಹಸಿ ಅಕ್ಕಿ ತಿಂದ್ರೆ ಮದುವೇಲಿ ಮಳೆ ಬರುತ್ತೆ’ ಅಂತ ಅಜ್ಜಿಯಂದಿರು ಗದರುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ. ಮಕ್ಕಳ ಪಾಟಿ ಮೇಲೆ ಬರೆಯುವ ಬಳಪ ತಿನ್ನುವವರಿದ್ದಾರೆ. ಕೆಮ್ಮಣ್ಣು, ಇದ್ದಿಲು, ವಿಭೂತಿ ತಿನ್ನುವವರಿದ್ದಾರೆ. ಫ್ರಿಜ್ ಬಂದ ಮನೆಗಳಲ್ಲಿ ಐಸ್ ತುಂಡು ಕಟಕಟ ಕಡಿಯುವವರಿದ್ದಾರೆ. ಅವರು ಇದನ್ನು ನಾಚಿಕೆಯಿಂದ ಮುಚ್ಚಿಡುತ್ತಾರೆ. ಬಳಪದ ಡಬ್ಬಿ ಸೀರೆ ಮಡಿಕೆಗಳ ಕೆಳಗೆ ಇರುತ್ತದೆ.

ವೈದ್ಯರು ಇದಕ್ಕೆ ಪೈಕಾ ಅನ್ನುತ್ತಾರೆ. ಇದಕ್ಕೂ ರಕ್ತದಲ್ಲಿ ಕಬ್ಬಿಣದ ಅಂಶ ಕಡಿಮೆಯಾಗುವುದಕ್ಕೂ ಹತ್ತಿರದ ನಂಟು. ಐಸ್ ಕಡಿಯುವ ಆಸೆಯಲ್ಲಂತೂ ಈ ನಂಟು ಬಹಳ ಸ್ಪಷ್ಟ. ಕಬ್ಬಿಣದ ಚಿಕಿತ್ಸೆ ಶುರುವಾದರೆ ಎಷ್ಟೋ ಸಲ ಹಿಮೋಗ್ಲೋಬಿನ್ ಏರುವ ಮುಂಚೆಯೇ, ಕೆಲವು ದಿನ ವಾರಗಳಲ್ಲಿ, ಆಸೆ ತಾನಾಗಿ ಮಾಯವಾಗುತ್ತದೆ. ಐಸಿನಲ್ಲಿ ಕಬ್ಬಿಣವಿಲ್ಲ. ಬಳಪದಲ್ಲಿ ದೇಹಕ್ಕೆ ಹತ್ತುವಂಥ ಕಬ್ಬಿಣವಿಲ್ಲ. ಮಣ್ಣಂತೂ ಊಟದಲ್ಲಿರುವ ಕಬ್ಬಿಣವನ್ನೂ ಹಿಡಿದಿಟ್ಟು ಹೊರಗೆ ಕಳಿಸಬಹುದು. ಅಂದರೆ ದೇಹ ಏನೋ ಕಡಿಮೆಯಾಗಿದೆ ಅಂತ ಕೂಗುತ್ತದೆ, ಆದರೆ ಬೇಕಾದದ್ದರ ಕಡೆ ಕೈ ತೋರಿಸುವುದಿಲ್ಲ.

ಇಲ್ಲಿ ಗಂಡು ಹೆಣ್ಣಿನ ಅಂತರ ಕಣ್ಣಿಗೆ ಹೊಡೆಯುವಂತಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 57 ಮಂದಿಗೆ ರಕ್ತಹೀನತೆ ಇದೆ. ಅದೇ ವಯಸ್ಸಿನ ಗಂಡಸರಲ್ಲಿ ಶೇ 25. ಕರ್ನಾಟಕದ ಹೆಂಗಸರಲ್ಲಿ ಇದು ಶೇ 48ರ ಹತ್ತಿರ. ಪ್ರತಿ ತಿಂಗಳು ರಕ್ತ ಹೋಗುತ್ತದೆ, ಹೆರಿಗೆಯಲ್ಲಿ ಹೋಗುತ್ತದೆ, ತಟ್ಟೆಯಲ್ಲಿ ಸೊಪ್ಪು ಕಾಳು ಕೊನೆಗೆ ಉಳಿದಷ್ಟು. ಇಂಥವಳು ಬಳಪ ತಿಂದರೆ ‘ಬಾಯಿ ಚಪಲ’ ಅನ್ನುವುದು ನನಗೆ ಕ್ರೂರ ಅನಿಸುತ್ತದೆ. ಅವಳಿಗೆ ಬೇಕಿರುವುದು ಒಂದು ಹಿಮೋಗ್ಲೋಬಿನ್ ಪರೀಕ್ಷೆ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಬೆರಳು ಚುಚ್ಚಿ ಮಾಡುತ್ತಾರೆ. ಬಸುರಿಯಲ್ಲದ ಹೆಂಗಸಿಗೆ 12 ಗ್ರಾಂ, ಬಸುರಿಗೆ 11 ಗ್ರಾಂ, ಗಂಡಸಿಗೆ 13 ಗ್ರಾಂಗಿಂತ ಕಡಿಮೆ ಬಂದರೆ ರಕ್ತಹೀನತೆ. ಬಸುರಿಯರಿಗೆ ಕೊಡುವ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಇರುತ್ತದೆ, ಅದನ್ನು ದಿನಕ್ಕೊಂದರಂತೆ 180 ದಿನ ನುಂಗಬೇಕು. ಮಲ ಕಪ್ಪಾಗುತ್ತದೆ, ಹೊಟ್ಟೆ ತೊಳಸುತ್ತದೆ ಅಂತ ಬಹಳ ಜನ ಅರ್ಧಕ್ಕೆ ಬಿಡುತ್ತಾರೆ. ಮಲ ಕಪ್ಪಾಗುವುದರಿಂದ ಅಪಾಯವಿಲ್ಲ. ಮಾತ್ರೆಯ ಜೊತೆ, ಊಟದ ಜೊತೆ ಚಹಾ ಕಾಫಿ ಕುಡಿದರೆ ಕಬ್ಬಿಣ ದೇಹಕ್ಕೆ ಸರಿಯಾಗಿ ಹತ್ತುವುದಿಲ್ಲ. ನಿಂಬೆರಸ, ನೆಲ್ಲಿಕಾಯಿ ಇದ್ದರೆ ಚೆನ್ನಾಗಿ ಹತ್ತುತ್ತದೆ.

ಗಂಡಸರು ಇದನ್ನು ಹೆಂಗಸರ ವಿಷಯ ಅಂತ ಪಕ್ಕಕ್ಕಿಡಬಾರದು. ಕಬ್ಬಿಣ ಕಡಿಮೆಯಾದ ಗಂಡಸಿಗೂ ಐಸ್ ಕಡಿಯುವ, ಮಣ್ಣು ತಿನ್ನುವ ಆಸೆ ಬರಬಹುದು. ಅವನು ಯಾರಿಗೂ ಹೇಳುವುದಿಲ್ಲ, ಯಾರೂ ಕೇಳುವುದೂ ಇಲ್ಲ. ಹೆಂಗಸರಿಗೆ ತಿಂಗಳು ತಿಂಗಳು ರಕ್ತ ಹೋಗುವ ಕಾರಣ ಕಣ್ಣ ಮುಂದಿದೆ, ಗಂಡಸಿಗೆ ಆ ಕಾರಣವಿಲ್ಲ. ಆದ್ದರಿಂದ ವಯಸ್ಸಾದ ಗಂಡಸಿನಲ್ಲಿ ಕಬ್ಬಿಣ ಕಡಿಮೆಯಾಗಿದೆ ಅಂತ ಕಂಡರೆ ವೈದ್ಯರು ಬರೀ ಮಾತ್ರೆ ಕೊಟ್ಟು ಕಳಿಸುವುದಿಲ್ಲ. ಮೂಲವ್ಯಾಧಿ, ಜಠರದ ಹುಣ್ಣು, ಕರುಳಿನ ಗಡ್ಡೆ, ಎಲ್ಲಿಂದಲಾದರೂ ಒಳಗೊಳಗೇ ರಕ್ತ ಹೋಗುತ್ತಿದೆಯೇ ಅಂತ ಹುಡುಕುತ್ತಾರೆ.